ದೇವರ ಕೋಣೆಯ ತಂತಿ

ಮೇನ್ ಆಫ್ ಆಗಿದೆ ಎಂದು ಯಾರಾದರೂ ಹೇಳಿದರೆ ನಾನು ಈಗಲೂ ನಂಬುವುದಿಲ್ಲ. ಎದ್ದು ಹೋಗಿ ನೋಡುತ್ತೇನೆ. ನೋಡಿದ ಮೇಲೂ ಕೈಗಳನ್ನು ಹಿಂದೆ ಕಟ್ಟಿಕೊಂಡೇ ನಿಲ್ಲುತ್ತೇನೆ. ಇದಕ್ಕೆ ಕಾರಣವಾದ ಒಂದು ಬೆಳಗನ್ನು ನೆನಪಿರುವಷ್ಟು ಕ್ರಮವಾಗಿ ಬರೆಯುತ್ತೇನೆ. ನೆನಪು ಮಸುಕಾದ ಕಡೆ ಮಸುಕಾಗಿದೆ ಎಂದೇ ಹೇಳುತ್ತೇನೆ.

ನನ್ನ ತವರು ಹರಿಹರ. ಹೊಳೆಯಿಂದ ಮೂರನೆಯ ಬೀದಿ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಕಂದೀಲು, ಚಿಮಣಿ ಬುಡ್ಡಿ ಬಿಟ್ಟರೆ ಬೇರೆ ಬೆಳಕಿರಲಿಲ್ಲ. ಬೀದಿಯಲ್ಲಿ ಮಾತ್ರ ಕರೆಂಟಿನ ಕಂಬಗಳು ನಿಂತಿದ್ದವು. ಒಂದು ದಿನ ಆ ಕಂಬದ ಎರಡು ತಂತಿಗಳ ನಡುವೆ ಕಾಗೆಯೊಂದು ರೆಕ್ಕೆ ಬಿಚ್ಚಿತು. ಚಟ್ ಎಂದು ಒಂದೇ ಸದ್ದು. ಕೆಳಗೆ ಬಿದ್ದ ಕಾಗೆಯ ಮೈಮೇಲೆ ಗಾಯವಿರಲಿಲ್ಲ, ರಕ್ತವಿರಲಿಲ್ಲ, ಕಣ್ಣು ತೆರೆದೇ ಇತ್ತು. ಹೊಡೆದವರು ಯಾರೂ ಕಾಣದೆ ಒಂದು ಜೀವ ಹೀಗೆ ಹೋದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಐವತ್ತರ ದಶಕದ ನಡುವೆ ಮದುವೆಯಾಗಿ ದಾವಣಗೆರೆಯ ಮಂಡಿಪೇಟೆಗೆ ಬಂದೆ. ಮಾವನವರದು ದಲಾಲಿ ಅಂಗಡಿ. ಹದಡಿ, ಮಾಯಕೊಂಡದ ಕಡೆಯಿಂದ ಗಾಡಿಗಳಲ್ಲಿ ಹತ್ತಿ, ಜೋಳ ಬಂದು ಇಳಿಯುತ್ತಿದ್ದವು. ಮುಂದೆ ಅಂಗಡಿ, ಅದಕ್ಕೆ ಅಂಟಿ ಹತ್ತಿ ಒಟ್ಟುವ ಕೋಣೆ, ಆಮೇಲೆ ಪಡಸಾಲೆ, ಅದರ ಹಿಂದೆ ಅಡುಗೆಮನೆ, ದೇವರ ಕೋಣೆ, ಬಚ್ಚಲು. ಊರಿಗೆ ಕರೆಂಟು ಬಂದ ಹೊಸತರಲ್ಲೇ ಆ ಮನೆಗೂ ಬಂದಿತ್ತಂತೆ. ಗೋಡೆಯ ಉದ್ದಕ್ಕೂ ಹಸಿರು ಬಣ್ಣದ ಮರದ ಪಟ್ಟಿ, ಅದರೊಳಗೆ ಉದ್ದಕ್ಕೆ ಕೊರೆದ ಎರಡು ತೋಡು, ತೋಡಿನೊಳಗೆ ತಂತಿ, ಮೇಲೊಂದು ಮರದ ಮುಚ್ಚಳ. ತಂತಿಯ ಮೇಲೆ ರಬ್ಬರು, ರಬ್ಬರಿನ ಮೇಲೆ ನೂಲಿನ ಹೆಣಿಗೆ. ನಾನು ಬರುವ ಹೊತ್ತಿಗೆ ಆ ರಬ್ಬರು ಒಣಗಿ, ಮುರಿದರೆ ಹಪ್ಪಳದಂತೆ ಉದುರುತ್ತಿತ್ತು. ಅದು ಗೊತ್ತಾದದ್ದು ಮಾತ್ರ ಆಮೇಲೆ.

ಮಾವನವರಿಗೆ ಬೆಂಕಿಯ ಭಯ. ಮನೆಯಲ್ಲಿ ಹತ್ತಿ ಇಟ್ಟುಕೊಂಡವರಿಗೆ ಅದು ಸಹಜ. ಊಟ ಮುಗಿಸಿ ಮಲಗಲು ಹೊರಟಾಗ ಅವರೇ ಹೋಗಿ ಮೇನ್ ಸ್ವಿಚ್ಚಿನ ಹಿಡಿಯನ್ನು ಕಟಕ್ಕನೆ ಕೆಳಗೆಳೆಯುತ್ತಿದ್ದರು. ದೇವರ ಮುಂದೆ ರಾತ್ರಿ ಎಣ್ಣೆ ದೀಪ ಇಡಬಾರದೆಂದೂ ಹೇಳಿದ್ದರು, ಇಲಿ ಬತ್ತಿ ಎಳೆದೊಯ್ದರೆ ಹತ್ತಿಯ ಕೋಣೆ ಎಷ್ಟು ದೂರ ಎಂದು. ಅತ್ತೆಯದು ಇನ್ನೊಂದು ಕಷ್ಟ. ಮೈದುನನಿಗೆ ಸಣ್ಣವನಿದ್ದಾಗ ವಿಷಮಶೀತ ಜ್ವರ ಬಂದಿತ್ತು. ಅವನು ಉಳಿದರೆ ಜಗಲಿಯ ಮುಂದಿನ ಬೆಳಕು ಆರದಂತೆ ನೋಡಿಕೊಳ್ಳುತ್ತೇನೆ ಎಂದು ಆಕೆ ಹರಕೆ ಹೊತ್ತಿದ್ದರು. ಜಗಲಿ ಎಂದರೆ ನಮ್ಮಲ್ಲಿ ದೇವರನ್ನಿಡುವ ಕಟ್ಟೆ. ಎಣ್ಣೆ ದೀಪ ಕೂಡದು, ಬಲ್ಬು ಮೇನಿನ ಜೊತೆಗೇ ಆರುತ್ತದೆ. ಹರಕೆ ತೀರಿಸುವುದು ಹೇಗೆ?

ಅದಕ್ಕೆ ಆಕೆ ಒಂದು ದಾರಿ ಕಂಡುಕೊಂಡರು. ನಾನು ಬಂದ ಎರಡನೆಯ ವರ್ಷ, ಮಾವ ಚಿತ್ರದುರ್ಗಕ್ಕೆ ಹೋಗಿದ್ದ ಒಂದು ದಿನ, ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಆಕೆಯ ದೂರದ ಸಂಬಂಧಿಯೊಬ್ಬ ಮನೆಗೆ ಬಂದ. ಮೀಟರಿಗೂ ಮೇನಿಗೂ ನಡುವೆ ಒಂದು ಜೋಡಿ ತಂತಿ ಸೇರಿಸಿ, ಹಲಗೆಯ ಹಿಂದಿನಿಂದ ತೂರಿಸಿ, ಮರದ ಪಟ್ಟಿಯೊಳಗೆ ಉಳಿದ ತಂತಿಗಳ ಜೊತೆ ಮಲಗಿಸಿ ದೇವರ ಕೋಣೆಗೆ ಒಯ್ದ. ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಅಂದಿನಿಂದ ಮೇನ್ ಇಳಿಸಿದರೂ ಜಗಲಿಯ ಬಲ್ಬು ಉರಿಯತೊಡಗಿತು. ಕೋಣೆಯ ಬಾಗಿಲು ದಪ್ಪ. ರಾತ್ರಿ ಅದನ್ನು ಮುಚ್ಚುತ್ತಿದ್ದುದರಿಂದ ಮಾವನವರಿಗೆ ತಿಳಿಯಲೇ ಇಲ್ಲ.

"ನಿಮ್ಮ ಮಾವಗೆ ಹೇಳಬ್ಯಾಡ ಮತ್ತ. ದೇವ್ರ ಕೆಲಸ ಇದು," ಎಂದರು ಅತ್ತೆ.

"ಹೂಂ ಅತ್ತೆ," ಎಂದೆ. ಆ ಹೂಂ ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂಬುದನ್ನು ನಾನು ಬಹಳ ಸಲ ಯೋಚಿಸಿದ್ದೇನೆ.

ಅದಾಗಿ ಮೂರು ವರ್ಷವೋ ನಾಲ್ಕೋ ಕಳೆದಿರಬೇಕು. ಮಳೆ ಹಿಡಿದ ಒಂದು ವಾರ, ಬಚ್ಚಲಲ್ಲಿ ನೀರು ತೋಡಿಕೊಳ್ಳಲು ಬಾಗಿದವಳು ಗೋಡೆಗೆ ಕೈ ಊರಿದೆ. ಗೋಡೆ ಜುಮ್ಮೆಂದಿತು. ಇರುವೆ ಸಾಲು ಚರ್ಮದ ಒಳಗಿನಿಂದ ಮೊಣಕೈವರೆಗೆ ಓಡಿದಂತೆ. ಕೈ ಕಿತ್ತುಕೊಂಡು ಒದ್ದೆ ಸೀರೆಯಲ್ಲೇ ಹೊರಗೆ ಬಂದೆ. ನನ್ನ ಯಜಮಾನರು ಬೆರಳ ಹಿಂಭಾಗದಿಂದ ಗೋಡೆಯನ್ನು ಮುಟ್ಟಿ ನೋಡಿದರು. ಅಂದೇ ಹಳೆ ವೈರಿಂಗನ್ನೆಲ್ಲ ಕಿತ್ತು ಹೊಸದು ಮಾಡಿಸುವುದೆಂದು ತೀರ್ಮಾನವಾಯಿತು.

ಕೆಲಸಕ್ಕೆ ಒಪ್ಪಿದ ಮೇಸ್ತ್ರಿ ವಯಸ್ಸಾದ ಸಾಬರು. ಮಂಡಿಪೇಟೆಯ ಎಷ್ಟೋ ಅಂಗಡಿಗಳ ವೈರಿಂಗು ಅವರ ಕೈಯದು. ಯಜಮಾನರಿಗೆ ಮೊದಲಿನಿಂದಲೂ ಇದರ ಹುಚ್ಚು. ಆ ಮಳೆಗಾಲವೆಲ್ಲ ಅಂಗಡಿ ಕೆಲಸ ಮುಗಿದ ಮೇಲೆ ಮೇಸ್ತ್ರಿಯ ಹತ್ತಿರ ಹೋಗಿ ಕೂತು ಫ್ಯೂಸು ಕಟ್ಟುವುದು, ಜಾಯಿಂಟು ಹಾಕುವುದು, ಹೋಲ್ಡರು ಬಿಚ್ಚುವುದು ಕಲಿತರು. ಮನೆಗೆ ಬಂದು ಕಲಿತದ್ದನ್ನು ನನಗೆ ಹೇಳುತ್ತಿದ್ದರು. ಕರೆಂಟು ಹೋಗಲು ಒಂದು ದಾರಿ, ಬರಲು ಒಂದು ದಾರಿ ಬೇಕು, ಬರುವ ದಾರಿ ಸಿಗದಿದ್ದರೆ ಅದು ಮನುಷ್ಯನ ಮೈಯನ್ನೇ ದಾರಿ ಮಾಡಿಕೊಂಡು ನೆಲಕ್ಕಿಳಿಯುತ್ತದೆ ಎಂದು ಅವರು ವಿವರಿಸಿದ ದಿನ ನನಗೆ ಊಟ ಸೇರಲಿಲ್ಲ.

ದೀಪಾವಳಿ ಕಳೆದು ಕೆಲಸ ಶುರುವಾಯಿತು. ಮೊದಲು ಹಿತ್ತಲಲ್ಲಿ ಆಳುದ್ದದ ಗುಂಡಿ ತೋಡಿಸಿ, ತಂತಿ ಕಟ್ಟಿದ ಕೊಳವೆ ನಿಲ್ಲಿಸಿ, ಸುತ್ತ ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿಸಿದರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೋಡುತ್ತಿದ್ದರು.

"ಏನ್ ಸಾಬ್ರೇ, ಕರೆಂಟಿಗೂ ಉಪ್ಪು ಬೇಕಾ? ಒಗ್ಗರಣಿ ಯಾವಾಗ?"

"ಒಗ್ಗರಣಿ ನಮ್ಗೆ ಬೀಳಬಾರ್ದು ಅಂತಾನೇ ಉಪ್ಪು ಹಾಕಾದು, ಅವ್ವಾರೆ," ಎಂದರು ಮೇಸ್ತ್ರಿ. "ಗೋಡಿಗೆ ಬಂದ ಕರೆಂಟು ಈ ಗುಂಡ್ಯಾಗೆ ಇಳೀತೈತೆ. ನಿಮ್ಮ ಸೊಸಿ ಕೈಯಾಗೆ ಇಳಿಯಲ್ಲ."

ಅವರ ಹತ್ತಿರ ಒಂದು ಟೆಸ್ಟ್ ಲ್ಯಾಂಪು ಇತ್ತು. ಹೋಲ್ಡರಿಗೆ ಸಿಕ್ಕಿಸಿದ ಬಲ್ಬು, ಅದರಿಂದ ಇಳಿಬಿಟ್ಟ ಎರಡು ತಂತಿ, ಅಷ್ಟೆ. ಯಾವ ಕೋಣೆಗೆ ಹೋದರೂ ಮೇನ್ ಇಳಿಸಿ, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು, ಆಮೇಲೂ ಆ ಎರಡು ತುದಿಗಳನ್ನು ಇಟ್ಟು ನೋಡಿಯೇ ಕೈ ಹಾಕುತ್ತಿದ್ದರು. ಅವರ ಇಕ್ಕಳದ ಹಿಡಿಗೆ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿದ್ದರು. ಅಂಗಡಿ, ಹತ್ತಿ ಕೋಣೆ, ಪಡಸಾಲೆ, ಅಡುಗೆಮನೆ, ಬಚ್ಚಲು ಹೀಗೆ ಮುಗಿದವು. ತೇಗದ ಪಟ್ಟಿಯ ಮೇಲೆ ಹೊಸ ತಂತಿ ಕ್ಲಿಪ್ಪುಗಳಲ್ಲಿ ನೆಟ್ಟಗೆ ಕೂತಿತು. ಮೀಟರಿನ ಹಲಗೆಯನ್ನೂ ಅಲ್ಲಿಂದ ದೇವರ ಕೋಣೆಗೆ ಹೋಗುವ ಹಳೆ ಪಟ್ಟಿಯನ್ನೂ ಕೊನೆಗೆ ಬಿಚ್ಚುವುದೆಂದು ಮೇಸ್ತ್ರಿ ಇಟ್ಟುಕೊಂಡಿದ್ದರು. ಹಲಗೆಯನ್ನು ಮೊದಲೇ ಬಿಚ್ಚಿದ್ದರೆ ಆ ಜೋಡಿ ತಂತಿ ಕಣ್ಣಿಗೆ ಬೀಳುತ್ತಿತ್ತು.

ಉಳಿದದ್ದು ದೇವರ ಕೋಣೆ. ಕೆಲಸ ನಡೆಯುವಾಗಲೆಲ್ಲ ಅತ್ತೆ ಅದರ ಬಾಗಿಲನ್ನು ಮುಚ್ಚಿಯೇ ಇಡುತ್ತಿದ್ದರು. ಅದಕ್ಕೆ ಎರಡು ದಿನ ಮೊದಲು ಜಗಲಿಯ ಬಲ್ಬು ಸುಟ್ಟುಹೋಯಿತು. ಅತ್ತೆ ಗಾಬರಿಯಾಗಿ ಹಣತೆ ಹಚ್ಚಿದರು. ಹೇಗೂ ಹೊಸ ವೈರಿಂಗು ಆಗುತ್ತದಲ್ಲ ಎಂದು ಬಲ್ಬು ಬದಲಿಸಲಿಲ್ಲ. ಬಲ್ಬು ಉರಿಯುತ್ತಿದ್ದಿದ್ದರೆ, ಮೇನ್ ಇಳಿಸಿದ ಮೇಲೂ ಅದು ಉರಿಯುವುದನ್ನು ಯಾರಾದರೂ ಕಾಣುತ್ತಿದ್ದರು.

ಆ ಬೆಳಗ್ಗೆ ಮೇಸ್ತ್ರಿ ದೇವರ ಕೋಣೆಯ ಹೊಸ್ತಿಲ ಈಚೆಗೇ ನಿಂತರು. ಒಳಗೆ ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹೇಳುವ ಪ್ರಸಂಗ ಬರದಂತೆ ಅವರೇ ನಿಂತುಕೊಂಡರು.

"ಸಣ್ಣ ಸಾವ್ಕಾರ್ರೆ, ಇದೊಂದು ನೀವೇ ಮಾಡ್ರಿ. ಹೋಲ್ಡರ್ ಬಿಚ್ಚಿ ಹಳೇ ತಂತಿ ಎಳೆದುಬಿಡ್ರಿ. ನಾನು ಇಲ್ಲೇ ನಿಂತು ಹೇಳ್ತೀನಿ."

"ಜಳಕ ಮಾಡಿ ಹೋಗಪ್ಪ," ಎಂದರು ಅತ್ತೆ ಮಗನಿಗೆ. ನನ್ನ ಕಡೆ ತಿರುಗಿ, "ಆ ಇಕ್ಕಳ, ಸ್ಕ್ರೂ ತಿರುವಾದು ತೊಳ್ಕೊಂಡು ಬಾ. ಆ ರಬ್ಬರ್ ಬಿಚ್ಚಿ ಹಾಕು. ಊರಾಗಿನ ರಾಡಿಯೆಲ್ಲ ತುಳಿದ ಟ್ಯೂಬು ಅದು, ಜಗಲಿ ಹತ್ರ ಬ್ಯಾಡ," ಎಂದರು.

ನಾನು ಇಕ್ಕಳವನ್ನು ಹಿತ್ತಲಿಗೆ ಒಯ್ದೆ. ಸೈಕಲ್ ಟ್ಯೂಬನ್ನು ಸುತ್ತು ಸುತ್ತಾಗಿ ಬಿಚ್ಚಿದೆ. ಐದಾರು ಸುತ್ತು ಇತ್ತು. ಹುಣಸೆಹಣ್ಣು ಹಚ್ಚಿ ಉಜ್ಜಿ, ಎರಡು ತಂಬಿಗೆ ನೀರು ಸುರಿದೆ. ಒರೆಸಲಿಲ್ಲ, ಒರೆಸುವ ಬಟ್ಟೆ ಮಡಿಯದಾಗಿರಲಿಲ್ಲ. ನೀರು ತೊಟ್ಟಿಕ್ಕುವ ಇಕ್ಕಳವನ್ನು ಹಿತ್ತಾಳೆ ತಟ್ಟೆಯಲ್ಲಿಟ್ಟುಕೊಂಡು ಒಳಗೆ ಬಂದೆ. ಆಗ ಆ ತಂತಿ ನೆನಪಾಯಿತು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿದ್ದರು. ಹತ್ತಿರ ಹೋಗಿ ಪಿಸುಗುಟ್ಟಿದೆ. "ಅತ್ತೆ, ಆವತ್ತು ಎಳೆಸಿದ ತಂತಿ... ಅದು ಮೇನಿಗೆ ಸೇರಿಲ್ಲ."

"ಬಲ್ಬೇ ಸುಟ್ಟೈತಲ್ಲೇ. ಇನ್ನು ಅದ್ರಾಗೆ ಕರೆಂಟು ಎಲ್ಲಿಂದ ಬರ್ತೈತೆ? ಸುಮ್ನಿರು. ಮಾವ ಪಡಸಾಲ್ಯಾಗೇ ಕುಂತಾರೆ."

ನಾನು ಸುಮ್ಮನಾದೆ. ಇದನ್ನು ಹೇಗೆ ಬರೆದರೂ ಇಷ್ಟೇ. ದೀಪ ಆರಿದ ಹಣತೆಯಲ್ಲಿ ಬೆಂಕಿ ಇಲ್ಲ, ಹಾಗೆಯೇ ಇದು ಇರಬಹುದು ಎಂದು ಅರ್ಧ ಮನಸ್ಸು ಹೇಳಿತು. ಇನ್ನರ್ಧಕ್ಕೆ ಹಾಗಲ್ಲವೆಂದು ಗೊತ್ತಿತ್ತು. ಮಳೆಗಾಲವಿಡೀ ಅವರು ಹೇಳಿದ್ದನ್ನು ಕೇಳಿದವಳು ನಾನು. ಆದರೂ ಮಾವನವರ ಎದುರು ಅತ್ತೆಯ ಗುಟ್ಟು ಒಡೆಯುವ ಭಯ, ಆ ಕ್ಷಣದಲ್ಲಿ, ಕರೆಂಟಿನ ಭಯಕ್ಕಿಂತ ಹತ್ತಿರದಲ್ಲಿತ್ತು.

ಯಜಮಾನರು ಜಳಕ ಮುಗಿಸಿ ಬಂದರು. ಒದ್ದೆ ಕೂದಲು, ಹಣೆಗೆ ವಿಭೂತಿ, ಮೈಮೇಲೆ ಮಡಿಪಂಚೆ ಮಾತ್ರ. ಬರಿಗಾಲು. ದೇವರ ಕೋಣೆಯ ಕಲ್ಲುಹಾಸನ್ನು ಬೆಳಗ್ಗೆಯೇ ತೊಳೆದಿದ್ದೆ. ಕಿಟಕಿಯಿಲ್ಲದ ಕೋಣೆ, ನೆಲ ಇನ್ನೂ ಆರಿರಲಿಲ್ಲ.

"ಟೆಸ್ಟ್ ಲ್ಯಾಂಪ್ ಒಯ್ರಿ," ಎಂದರು ಮೇಸ್ತ್ರಿ.

"ಅದನ್ನ ತೊಳಿಯಾಕಾಗಲ್ಲ, ಅವ್ವ ಬೈತಾಳ. ಫ್ಯೂಸು ನಿಮ್ಮ ಜೇಬಿನಾಗೇ ಐತಲ್ರೀ. ಇಡೀ ಮನಿ ಸತ್ತೈತೆ," ಎಂದು ನಕ್ಕು ಯಜಮಾನರು ನನ್ನ ತಟ್ಟೆಯಿಂದ ಇಕ್ಕಳ ಎತ್ತಿಕೊಂಡರು.

ಹೊಸ್ತಿಲಿಂದ ಜಗಲಿಗೆ ಮೂರು ಹೆಜ್ಜೆ. ಹೋಲ್ಡರು ಎದೆಯ ಎತ್ತರಕ್ಕಿತ್ತು. ಸ್ಕ್ರೂ ಬಿಚ್ಚಿದರು, ಹೋಲ್ಡರಿನ ಮರದ ಗುಂಡು ಕಳಚಿತು. ಎಡಗೈಯನ್ನು ಜಗಲಿಯ ಕಲ್ಲಿನ ಮೇಲೆ ಊರಿ, ಬಲಗೈಯ ಇಕ್ಕಳದಿಂದ ತಂತಿ ಹಿಡಿದರು.

ಕೂಗು ಬರಲಿಲ್ಲ. ಗಂಟಲಿನಿಂದ ಒಂದು ಗುರ್ ಎಂಬ ಸದ್ದು ಮಾತ್ರ. ಬೆನ್ನು ಬಿಲ್ಲಿನಂತೆ ಸೆಟೆಯಿತು. ಬಲಗೈ ಇಕ್ಕಳವನ್ನು ಬಿಡಲಿಲ್ಲ. ಇಕ್ಕಳ ಬಿಡುತ್ತಿರಲಿಲ್ಲ ಎನ್ನುವುದೇ ಸರಿ. ಒದ್ದೆ ಕೂದಲಿನಿಂದ ಹನಿಗಳು ಬೀಳುತ್ತಲೇ ಇದ್ದವು; ಅವನ್ನು ನೋಡಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಮೇಸ್ತ್ರಿ ಜೇಬು ಮುಟ್ಟಿ ನೋಡಿಕೊಂಡರು. ಫ್ಯೂಸು ಅಲ್ಲೇ ಇತ್ತು. ಪಡಸಾಲೆಯ ಮೇನಿನ ಕಡೆ ಕತ್ತು ತಿರುಗಿಸಿದರು. ಹಿಡಿ ಕೆಳಗೇ ಇತ್ತು. ಅವರ ಮುಖದಲ್ಲಿ ಆಗ ಬಂದ ಭಯವನ್ನು ನಾನು ಬೇರೆ ಯಾರ ಮುಖದಲ್ಲೂ ಕಂಡಿಲ್ಲ. ತಿಳಿದ ಮನುಷ್ಯನಿಗೆ ತನಗೆ ತಿಳಿದದ್ದೆಲ್ಲ ಸುಳ್ಳಾದಾಗಿನ ಭಯ ಅದು.

"ಮೇನಿಗೆ ಸೇರಿಲ್ಲ! ಮೇನಿಗಿಂತ ಮೊದ್ಲೇ ತಂತಿ ಐತೆ!" ನಾನು ಕಿರುಚಿದೆ. ಕಿರುಚುತ್ತಲೇ ಒಳಗೆ ಕಾಲಿಟ್ಟೆ.

"ಮುಟ್ಟಬ್ಯಾಡ್ರಿ! ಅಕ್ಕಾರೆ, ಮುಟ್ಟಬ್ಯಾಡ್ರಿ! ಗೋಣಿ! ಒಣ ಗೋಣಿ ತರ್ರಿ!"

ಪಡಸಾಲೆಯಲ್ಲಿ ಗೋಣಿಚೀಲಗಳ ಮೆದೆಯೇ ಇತ್ತು. ಎಷ್ಟು ಸೆಳೆದು ತಂದೆನೋ ಗೊತ್ತಿಲ್ಲ. ಮೇಸ್ತ್ರಿ ಒಂದನ್ನು ತೊಳೆದ ನೆಲದ ಮೇಲೆ ಎಸೆದು ಅದರ ಮೇಲೆ ನಿಂತರು, ಇನ್ನೊಂದನ್ನು ಹಗ್ಗದಂತೆ ಯಜಮಾನರ ಸೊಂಟಕ್ಕೆ ಹಾಕಿ ಒಂದೇ ಸಲ ಜಗ್ಗಿದರು. ಇಬ್ಬರೂ ಹೊಸ್ತಿಲ ಮೇಲೆ ಬಿದ್ದರು. ಇಕ್ಕಳ ಕಲ್ಲಿಗೆ ಬಿದ್ದ ಸದ್ದು ಕೇಳಿತು. ಮೇಸ್ತ್ರಿ ಎದ್ದವರೇ ಓಡಿ, ಮೀಟರಿನ ಕೆಳಗೆ ಕರೆಂಟು ಮನೆಗೆ ಬರುವ ಕಡೆಯ ದೊಡ್ಡ ಫ್ಯೂಸಿನ, ಅಂದರೆ ಕಟೌಟಿನ, ಸೀಲು ಒಡೆದು ಅದನ್ನೇ ಕಿತ್ತರು.

ಯಜಮಾನರು ಉಸಿರಾಡುತ್ತಿರಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ. ಅರ್ಧ ನಿಮಿಷವೂ ಇರಲಿಕ್ಕಿಲ್ಲ. ಮೇಸ್ತ್ರಿ ಅವರನ್ನು ಬೋರಲು ಮಲಗಿಸಿ ಬೆನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡಿದರು. ಆಮೇಲೆ ಒಂದು ದೊಡ್ಡ ಉಸಿರು, ಅದರ ಹಿಂದೆ ವಾಂತಿ. ನಾನು ಗೋಡೆ ಹಿಡಿದುಕೊಳ್ಳಲು ಹೋದೆ. ಗೋಡೆ ಎಂಬುದು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡು ನೆಲದ ಮೇಲೆ ಕೂತೆ.

ಡಾಕ್ಟರು ಬಂದು ಹೋದರು. ಅಂಗೈಯಲ್ಲಿ, ಹೆಬ್ಬೆರಳು ತೋರುಬೆರಳಿನ ನಡುವೆ, ಬಿಳಿಯ ಸುಟ್ಟ ಗಾಯ. ಎದೆ ಸರಿಯಿದೆ ಎಂದರು. ಮಾವನವರು ಅಲ್ಲಿಯವರೆಗೂ ಏನೂ ಕೇಳಿರಲಿಲ್ಲ. ಡಾಕ್ಟರನ್ನು ಬಾಗಿಲವರೆಗೆ ಕಳಿಸಿ ಬಂದು ಕೂತರು.

"ಆ ತಂತಿ ಯಾರು ಎಳೆಸಿದ್ದು?"

ನಾನು, "ನನಗೆ ಗೊತ್ತಿತ್ತು ಮಾವ," ಎಂದೆ.

"ಗೊತ್ತಿದ್ದೂ ಗಂಡನ್ನ ಒಳಗೆ ಬಿಟ್ಟೇನವ್ವಾ?"

ಅವರು ದನಿ ಏರಿಸಲಿಲ್ಲ. ಅತ್ತೆ ಕಂಬಕ್ಕೆ ಒರಗಿ ನಿಂತಿದ್ದರು.

"ಅವ್ಳಿಗೆ ಅನ್ನಬ್ಯಾಡ್ರಿ. ನಾನೇ ಎಳೆಸಿದ್ದು. ಅವ್ಳು ಹೇಳಾಕೆ ಬಂದ್ಲು, ಬಾಯಿ ಮುಚ್ಚಿಸಿದಾಕಿ ನಾನು," ಎಂದರು. ಆಮೇಲೆ, "ಒಬ್ಬ ಮಗ ಉಳೀಲಿ ಅಂತ ಹಚ್ಚಿದ ದೀಪ..." ಎಂದು ಶುರು ಮಾಡಿದವರು ಮುಂದೆ ಹೇಳದೆ ಒಳಗೆ ಹೋದರು.

ಮೇಸ್ತ್ರಿ ಮಾರನೆಯ ದಿನವೇ ಬಂದರು. ತಮ್ಮ ಇಕ್ಕಳವನ್ನು ಕೇಳಿ ಪಡೆದು, ಹಿತ್ತಲಲ್ಲಿ ಬಿದ್ದಿದ್ದ ಟ್ಯೂಬನ್ನು ಹುಡುಕಿ ತಂದು ಮತ್ತೆ ಸುತ್ತಿದರು. ಯಾರನ್ನೂ ಬೈಯಲಿಲ್ಲ. ಅತ್ತೆಗೆ ಮಾತ್ರ ಕೈ ಮುಗಿದು ಹೇಳಿದರು: "ಅವ್ವಾರೆ, ಇನ್ನು ದೇವ್ರ ದೀಪಾನೂ ಮೇನಿನ ಕೆಳಗೇ ಇರ್ಬೇಕು. ಇಲ್ಲ ಅಂದ್ರೆ ನಾನು ಈ ಮನಿ ಕೆಲಸ ಇಲ್ಲಿಗೇ ಬಿಡ್ತೀನಿ."

"ಇರ್ಲಿ," ಎಂದರು ಅತ್ತೆ. "ಒಳಗೆ ನೀವೇ ಬರ್ರಿ. ನಿನ್ನೆ ಬಂದಿದ್ರಲ್ಲ."

ಮೇಸ್ತ್ರಿ ಕಾಲು ತೊಳೆದುಕೊಂಡರು, ಚೆನ್ನಾಗಿ ಒರೆಸಿಕೊಂಡರು, ರಬ್ಬರಿನ ಚಪ್ಪಲಿ ಹಾಕಿಕೊಂಡೇ ಒಳಗೆ ಹೋದರು. ಆ ಚಪ್ಪಲಿಯ ಬಗ್ಗೆ ಅತ್ತೆ ಮಾತಾಡಲಿಲ್ಲ. ಮಾವನವರು ಒಂದು ಬದಲಾವಣೆ ಒಪ್ಪಿದರು: ಗಾಜಿನ ಬುರುಡೆಯೊಳಗೆ, ಮೇಲೆ ಜಾಲರಿ ಮುಚ್ಚಿ, ರಾತ್ರಿಯೂ ಎಣ್ಣೆ ದೀಪ ಇರಬಹುದು ಎಂದು. ಹತ್ತಿಯನ್ನು ಮಾತ್ರ ಆ ವರ್ಷವೇ ಬೇರೆ ಗೋದಾಮಿಗೆ ಸಾಗಿಸಿದರು.

ಹೋಗುವ ಮುನ್ನ ಮೇಸ್ತ್ರಿ ನನ್ನನ್ನು ಕರೆದು ಟೆಸ್ಟ್ ಲ್ಯಾಂಪು ಕೈಗೆ ಕೊಟ್ಟರು. "ಇದು ಈ ಮನ್ಯಾಗೇ ಇರ್ಲಿ ಅಕ್ಕಾರೆ. ಕರೆಂಟು ಇರೋ ಕಡೆ ಮೊದ್ಲು ಹಚ್ಚಿ ನೋಡ್ರಿ, ಹತ್ತಬೇಕು. ಆಮೇಲೆ ಕೆಲಸದ ಜಾಗದಾಗ ಇಡ್ರಿ, ಹತ್ತಬಾರ್ದು. ಮತ್ತೆ ಇರೋ ಕಡೆ ಹೋಗಿ ನೋಡ್ರಿ, ಹತ್ತಬೇಕು. ಮೂರೂ ಆಗೋತನಕ ಯಾರ ಮಾತೂ ಕೇಳಬ್ಯಾಡ್ರಿ. ನನ್ನ ಮಾತೂ ಬ್ಯಾಡ." ಅಲ್ಲೇ ನಿಂತು ಮೂರೂ ಸಲ ನನ್ನಿಂದಲೇ ಮಾಡಿಸಿದರು.

ಯಜಮಾನರ ಬಲಗೈಯ ಆ ಎರಡು ಬೆರಳುಗಳಿಗೆ ಸ್ಪರ್ಶ ತಿರುಗಿ ಬರಲಿಲ್ಲ. ಮಂಡಿಯಲ್ಲಿ ಜೋಳದ ಕಾಳನ್ನು ಹೆಬ್ಬೆರಳು ತೋರುಬೆರಳಲ್ಲಿ ತಿಕ್ಕಿಯೇ ಅದರ ಹಸಿ ಒಣ ಹೇಳುತ್ತಾರೆ. ಅವರು ಎಡಗೈಯಲ್ಲಿ ಅದನ್ನು ಹೊಸದಾಗಿ ಕಲಿತರು. ಅಂಗಡಿಗೆ ಊಟದ ಬುತ್ತಿ ಒಯ್ದಾಗ ಅವರು ಎಡಗೈಯಲ್ಲಿ ಕಾಳು ತಿಕ್ಕುತ್ತಿರುವುದನ್ನು ಕಂಡರೆ, ಹಿತ್ತಲಲ್ಲಿ ಸುತ್ತು ಸುತ್ತಾಗಿ ಬಿಚ್ಚಿದ ಟ್ಯೂಬು ನನ್ನ ಕಣ್ಣಿಗೆ ಬರುತ್ತಿತ್ತು. ಯಾಕೆ ಮೊದಲೇ ಹೇಳಲಿಲ್ಲ ಎಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ.

ಅರವತ್ತರ ದಶಕದ ಕೊನೆಗೆ ಹರಿಹರದ ತವರಿನ ವೈರಿಂಗನ್ನು ಬದಲಿಸುತ್ತಾರೆಂದು ಕಾಗದ ಬಂತು. ಅಲ್ಲಿ ಕರೆಂಟು ಬಂದು ಕೆಲವೇ ವರ್ಷವಾಗಿತ್ತು, ಆದರೆ ಅಗ್ಗದ ತಂತಿ ಹಾಕಿದ್ದರು. ನಾನು ಬೆಳಗಿನ ಬಸ್ಸಿಗೇ ಹೊರಟೆ, ಕೈಚೀಲದಲ್ಲಿ ಟೆಸ್ಟ್ ಲ್ಯಾಂಪು. ನಾನು ತಲುಪುವ ಹೊತ್ತಿಗೆ ವೈರಿಂಗಿನವನು ಏಣಿ ಏರಿದ್ದ.

"ಇಳೀರಿ," ಎಂದೆ.

"ಬಂದ್ರಪ್ಪಾ ದಾವಣಗೆರೆಯಿಂದ ಇನ್ಸ್‌ಪೆಕ್ಟ್ರು!" ಎಂದ ಅಣ್ಣ. "ಮೇನ್ ಆಫ್ ಆಗೇತಿ ಮಾರಾಯ್ತಿ. ಕೈಕಾಲು ತೊಳ್ಕೊ, ಚಾ ಕುಡಿ."

ನಾನು ಅವ್ವನ ಹತ್ತಿರ ಹೋಗಿ ಕೇಳಿದೆ. ಅಪ್ಪನಿಗೆ ಗೊತ್ತಿಲ್ಲದಂತೆ ಯಾವುದಾದರೂ ತಂತಿ ಎಳೆಸಿದ್ದೀಯಾ? ಅತ್ತಿಗೆಯನ್ನೂ ಕೇಳಿದೆ, ಬೇರೆಯಾಗಿ, ಹಿತ್ತಲಿಗೆ ಕರೆದೊಯ್ದು. ಇಬ್ಬರೂ ಇಲ್ಲವೆಂದರು. ಆಮೇಲೆ ಲ್ಯಾಂಪಿನ ಎರಡು ತುದಿಗಳನ್ನು ಬಿಚ್ಚಿದ ಸ್ವಿಚ್ಚಿಗೆ ಹಿಡಿದೆ. ಬಲ್ಬು ಹತ್ತಲಿಲ್ಲ.

"ಆತಲ್ಲ?" ಎಂದ ಅಣ್ಣ.

ಬಲ್ಬೇ ಸುಟ್ಟಿದ್ದರೆ? ಬಸ್ಸಿನ ಕುಲುಕಾಟಕ್ಕೆ ಒಳಗಿನ ಎಳೆ ಕಡಿದಿದ್ದರೆ? ಲ್ಯಾಂಪು ಹಿಡಿದು ಬೀದಿ ದಾಟಿ ಎದುರು ಮನೆಗೆ ಹೋದೆ. ಆ ಮನೆಯವರು ಗಾಬರಿಯಿಂದ ಜಾಗ ಬಿಟ್ಟರು. ಅವರ ಪ್ಲಗ್ಗಿಗೆ ತುದಿ ಇಟ್ಟೆ. ಬಲ್ಬು ಹತ್ತಿತು. ತಿರುಗಿ ಬಂದು ಸ್ವಿಚ್ಚಿಗೆ ಹಿಡಿದೆ. ಹತ್ತಲಿಲ್ಲ. ಮತ್ತೆ ಬೀದಿ ದಾಟಿದೆ. ಹತ್ತಿತು.

ಬಾಗಿಲಿಗೆ ಬಂದು ನಿಂತಾಗ ಅಣ್ಣ ನಗುವುದನ್ನು ನಿಲ್ಲಿಸಿದ್ದ. ವೈರಿಂಗಿನವನು ಏಣಿಯ ಕೆಳಗೆ ಕಾಯುತ್ತಿದ್ದ. ಅವನ ಕಾಲ ಕೆಳಗಿನ ನೆಲ ಒಣಗಿದೆಯೇ ಎಂದು ಬಗ್ಗಿ, ಅಂಗೈಯಿಂದ ಮುಟ್ಟಿ ನೋಡಿದೆ. ಒಣಗಿತ್ತು.

"ಈಗ ಹತ್ರಿ," ಎಂದೆ. ಅವನು ಮೊದಲ ತಂತಿಗೆ ಕೈ ಹಾಕುವಾಗ ನಾನು ಏಣಿಯ ಬುಡದಲ್ಲೇ ನಿಂತಿದ್ದೆ. ಕೈಯಲ್ಲಿ ಅವ್ವನ ಮನೆಯ ಒಂದು ಒಣ ಗೋಣಿಚೀಲವಿತ್ತು.